ಲ್ಯಾಪ್‌ಟಾಪ್ ಓವರ್‌ಕ್ಲಾಕ್ ಮಾಡಿಕೊಡ್ತೀವಿ ಅಂದರೆ ನಂಬಬೇಡಿ, ದಯವಿಟ್ಟು

ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪನ್ನು ಸರ್ವಿಸ್‌ಗೆ ಕೊಡುವವರು ಇದನ್ನು ಓದಿ. ಓವರ್‌ಕ್ಲಾಕ್ ಅಂದರೆ ಚಿಪ್ಪನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದು. ಅಂಗಡಿಯವರು "ಟ್ಯೂನಿಂಗ್ ಮಾಡಿಕೊಡ್ತೀವಿ, ಸ್ಪೀಡ್ ಜಾಸ್ತಿ ಆಗುತ್ತೆ, ಬರೀ ಸಾಫ್ಟ್‌ವೇರ್" ಅಂದರೆ ಬೇಡ ಅನ್ನಿ. "ಬರೀ ಸಾಫ್ಟ್‌ವೇರ್" ಅನ್ನುವ ಮಾತು ನೆನಪಿಟ್ಟುಕೊಳ್ಳಿ. ನನಗೆ ಹೇಳಿದ್ದು ಅದೇ ಮಾತು.

ನಾನು ಮದುವೆ ವಿಡಿಯೋ ಎಡಿಟ್ ಮಾಡುವವಳು. ಎಡಿಟ್ ಆದ ಮೇಲೆ ಅಂತಿಮ ವಿಡಿಯೋ ತಯಾರಿಸುವುದಕ್ಕೆ ರೆಂಡರ್ ಅಂತಾರೆ. ನನ್ನದು ಐ7-12700ಎಚ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್. ಫ್ಯಾನ್ ಸದ್ದು ಜಾಸ್ತಿಯಾಗಿತ್ತು. ದೂಳು ತೆಗೆದು ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿ ಹೊರಗೆ ಸಾಗಿಸುವ ಲೇಪ) ಬದಲಾಯಿಸಿ ಕೊಡಿ ಎಂದು ಬೆಂಗಳೂರಿನ ಎಸ್‌ಪಿ ರೋಡ್‌ನ ಒಂದು ಅಂಗಡಿಗೆ ಕೊಟ್ಟೆ. ಎಲ್ಲರೂ ಮಾಡಿಸುವ ಕೆಲಸವೇ ಅದು. ಸಂಜೆ ಫೋನ್ ಬಂತು. "ಮೇಡಂ, ನಿಮ್ಮ ಕಾರ್ಡನ್ನು ಕಂಪನಿಯವರು ಕಟ್ಟಿಹಾಕಿಟ್ಟಿದ್ದಾರೆ. ಓವರ್‌ಕ್ಲಾಕ್ ಮಾಡಿದ್ರೆ ರೆಂಡರ್ ಬೇಗ ಆಗುತ್ತೆ. ಪ್ರೊಸೆಸರ್‌ಗೂ ಮಾಡ್ತೀವಿ."

ನಾನು ಕೇಳಿದೆ, ಹಾರ್ಡ್‌ವೇರ್ ಮುಟ್ಟುತ್ತೀರಾ ಅಂತ. "ಇಲ್ಲ ಮೇಡಂ, ಬರೀ ಸಾಫ್ಟ್‌ವೇರ್. ಬೇಡ ಅಂದ್ರೆ ಒಂದು ಕ್ಲಿಕ್‌ಗೆ ವಾಪಸ್." ವಾರಂಟಿಗೆ ತೊಂದರೆ ಆಗುತ್ತಾ ಅಂತಲೂ ಕೇಳಿದೆ. "ಏನೂ ಆಗಲ್ಲ ಮೇಡಂ." ಕಾರ್ಡ್‌ಗೆ 2,500, ಪ್ರೊಸೆಸರ್‌ಗೆ 1,500. ಬಿಲ್ ಕೇಳಿದರೆ ಚೀಟಿಯಲ್ಲಿ "ಟ್ಯೂನಿಂಗ್" ಎಂದು ಬರೆದು ಕೊಟ್ಟರು.

ಮೊದಲು ಆ 1,500ರ ವಿಷಯ. ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಬರೀ "ಎಚ್" ಇದ್ದರೆ ಅದರ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) ಸಾಮಾನ್ಯವಾಗಿ ಲಾಕ್ ಆಗಿರುತ್ತದೆ. 12700ಎಚ್ ಗರಿಷ್ಠ 4.7 ಗಿಗಾಹರ್ಟ್ಸ್, ಅಷ್ಟೇ. ಓವರ್‌ಕ್ಲಾಕ್ ಬೇಕೆಂದರೆ 12900ಎಚ್‌ಕೆ ತರಹದ ಅನ್‌ಲಾಕ್ ಇರುವ ಚಿಪ್ ಬೇಕು. ಅಂದರೆ ಮಾಡಲು ಆಗದೇ ಇರುವ ಕೆಲಸಕ್ಕೆ ನನ್ನಿಂದ ದುಡ್ಡು ಇಸ್ಕೊಂಡರು. ಲ್ಯಾಪ್‌ಟಾಪ್ ರಿಪೇರಿ ಮಾಡುವವನಿಗೆ ಇದು ಗೊತ್ತಿರುವುದಿಲ್ಲವೇ? ಗೊತ್ತಿದ್ದೇ ಇಸ್ಕೊಂಡಿದ್ದು.

ಇನ್ನು ಗ್ರಾಫಿಕ್ಸ್ ಕಾರ್ಡ್. ಮನೆಗೆ ತಂದಾಗ ರೆಂಡರ್ ನಿಜಕ್ಕೂ ಸ್ವಲ್ಪ ಬೇಗ ಆಗುತ್ತಿತ್ತು. ಆದರೆ ಕೆಲವು ದಿನಗಳಲ್ಲೇ ಒಂದೊಂದೇ ವಿಚಿತ್ರ. ಚಾರ್ಜರ್ ಮುಟ್ಟಲಾಗದಷ್ಟು ಬಿಸಿ. ಚಾರ್ಜರ್ ಹಾಕಿಟ್ಟಿದ್ದರೂ ರೆಂಡರ್ ಮಾಡುವಾಗ ಬ್ಯಾಟರಿ ಇಳಿಯುತ್ತಾ ಹೋಗುತ್ತಿತ್ತು. ಬಿಸಿ, ವಿದ್ಯುತ್ ಎಲ್ಲಾ ತೋರಿಸುವ ಎಚ್‌ಡಬ್ಲ್ಯೂಇನ್‌ಫೋ (HWiNFO) ಸಾಫ್ಟ್‌ವೇರ್ ತೆರೆದು ನೋಡಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಈ ಕಾರ್ಡಿಗೆ ಕಂಪನಿ ಇಟ್ಟ ಮಿತಿ 85 ವ್ಯಾಟ್. ಮೊದಲು ರೆಂಡರ್ ಹೊತ್ತಿನಲ್ಲಿ 80, 85ರ ಹತ್ತಿರ ಇರುತ್ತಿತ್ತು. ಈಗ 60 ತೋರಿಸುತ್ತಿದೆ. ಆದರೆ ಬಿಸಿ 87 ಡಿಗ್ರಿ! ವಿದ್ಯುತ್ ಕಡಿಮೆ, ಬಿಸಿ ಜಾಸ್ತಿ, ವೇಗವೂ ಜಾಸ್ತಿ. ಇದು ಹೇಗೆ ಸಾಧ್ಯ?

ಫೋನ್ ಮಾಡಿ ಕೇಳಿದೆ. "ಅದೇ ಮೇಡಂ ನಮ್ಮ ಟ್ಯೂನಿಂಗ್. ಕಡಿಮೆ ಕರೆಂಟ್‌ನಲ್ಲಿ ಜಾಸ್ತಿ ಕೆಲಸ." ಹೀಗೇ ಹೇಳಿದ. ಒಂದು ಚೂರೂ ತಡವರಿಸಲಿಲ್ಲ. ಹಾಗಾದರೆ ಬ್ಯಾಟರಿ ಯಾಕೆ ಇಳಿಯುತ್ತಿದೆ ಅಂದೆ. "ಬ್ಯಾಟರಿ ಹಳೇದಾಗಿದೆ ಮೇಡಂ, ಹೊಸದು ಹಾಕ್ಸಿ, ನಮ್ಮ ಹತ್ರ ಇದೆ."

ಸೀಸನ್ ಮಧ್ಯದಲ್ಲಿ, ಗ್ರಾಹಕರು ಪಕ್ಕದಲ್ಲೇ ಕೂತು ಹೈಲೈಟ್ಸ್ ನೋಡುತ್ತಿದ್ದಾಗ ಪರದೆ ತುಂಬಾ ಬಣ್ಣದ ಚೌಕಗಳು ಬಂದವು. ಆಮೇಲೆ ಕಪ್ಪು. ಮತ್ತೆ ಆನ್ ಆಗಲೇ ಇಲ್ಲ. ಹುಡುಗಿಯ ತಂದೆ "ಪರವಾಗಿಲ್ಲಮ್ಮ, ಇನ್ನೊಂದು ದಿನ ಬರ್ತೀವಿ" ಅಂದರು. ಅವರ ಮುಖ ನೋಡಲು ಆಗಲಿಲ್ಲ ನನಗೆ.

ಬೋರ್ಡ್ ರಿಪೇರಿ ಮಾಡುವ ಇನ್ನೊಬ್ಬರ ಹತ್ತಿರ ಹೋದೆ. ಅವರು ಬಿಚ್ಚಿ, ಮೈಕ್ರೋಸ್ಕೋಪ್ ಕೆಳಗಿಟ್ಟು, "ಇಲ್ಲಿ ನೋಡಿ" ಎಂದು ತೋರಿಸಿದರು. ಒಂದು ರೆಸಿಸ್ಟರ್ ಮೇಲೆ ಇನ್ನೊಂದು ರೆಸಿಸ್ಟರ್. ಕೈಯಲ್ಲಿ ಬೆಸುಗೆ ಹಾಕಿದ್ದು. ಪಕ್ಕದಲ್ಲಿ ಬೆಸುಗೆಗೆ ಹಚ್ಚುವ ಅಂಟು ಅಂಟಾದ ಫ್ಲಕ್ಸ್, ಒರೆಸಿಯೂ ಇಲ್ಲ. ಕಾರ್ಡಿಗೆ ವಿದ್ಯುತ್ ಕೊಡುವ ಜಾಗದಲ್ಲಿ ಮಾಸ್ಫೆಟ್ (ವಿದ್ಯುತ್ ನಿಯಂತ್ರಿಸುವ ಪುಟ್ಟ ಬಿಡಿಭಾಗ) ಸುಟ್ಟು ಕಪ್ಪಾಗಿತ್ತು.

ಇದಕ್ಕೆ ಶಂಟ್ ಮಾಡ್ ಅಂತಾರಂತೆ. ಕಾರ್ಡ್ ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂದು ಅಳೆಯುವುದೇ ಆ ಪುಟ್ಟ ರೆಸಿಸ್ಟರ್. ಅದರ ಮೇಲೆ ಅಷ್ಟೇ ರೋಧ (ವಿದ್ಯುತ್ತನ್ನು ತಡೆಯುವ ಪ್ರಮಾಣ) ಇರುವ ಇನ್ನೊಂದನ್ನು ಕೂರಿಸಿದರೆ ಒಟ್ಟು ರೋಧ ಅರ್ಧ ಆಗುತ್ತದೆ, ಅಳತೆಯೂ ಅರ್ಧ ಬರುತ್ತದೆ. ತೂಕದ ಕಲ್ಲನ್ನೇ ಬದಲಾಯಿಸಿದ ಹಾಗೆ. ಸಾಫ್ಟ್‌ವೇರ್ 60 ಅನ್ನುವಾಗ ನಿಜಕ್ಕೂ ಹೋಗುತ್ತಿದ್ದದ್ದು 120 ವ್ಯಾಟ್. ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿ ಈ ಲ್ಯಾಪ್‌ಟಾಪ್ ಕಾರ್ಡಿಗೆ ಕೊಡುವ ವ್ಯಾಪ್ತಿಯೇ 60ರಿಂದ 115 ವ್ಯಾಟ್. ನನ್ನ ಲ್ಯಾಪ್‌ಟಾಪ್‌ನ ತಾಮ್ರದ ಪೈಪು, ಫ್ಯಾನು, 180 ವ್ಯಾಟ್ ಚಾರ್ಜರ್ ಎಲ್ಲಾ 85ಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬ್ಯಾಟರಿ ಇಳಿಯುತ್ತಿದ್ದದ್ದು ಅದಕ್ಕೇ! ಚಾರ್ಜರ್ ಸಾಲದೆ ಬ್ಯಾಟರಿಯಿಂದ ಎಳೆಯುತ್ತಿತ್ತು. ಆ ಮೊದಲ ಅಂಗಡಿಯವನು ನನಗೆ ಬ್ಯಾಟರಿ ಮಾರಲು ನೋಡಿದ.

"ಬರೀ ಸಾಫ್ಟ್‌ವೇರ್." "ಒಂದು ಕ್ಲಿಕ್‌ಗೆ ವಾಪಸ್."

ಫೋಟೋ ತೆಗೆದುಕೊಂಡು ಅಂಗಡಿಗೆ ಹೋದೆ. ಮೊದಲು "ಇದು ನಾವು ಮಾಡಿದ್ದಲ್ಲ" ಅಂದ. ಇನ್ಯಾರು ಬಿಚ್ಚಿದ್ದಾರೆ, ನಿಮ್ಮ ಅಂಗಡಿಯ ಸ್ಟಿಕ್ಕರೇ ಸ್ಕ್ರೂ ಮೇಲಿತ್ತು ಅಂದೆ. ಆಗ ಮಾತು ಬದಲಾಯಿತು. "ಓವರ್‌ಕ್ಲಾಕ್ ಅಂದ್ರೆ ರಿಸ್ಕ್ ಇದ್ದೇ ಇರುತ್ತೆ ಮೇಡಂ, ಒಪ್ಕೊಂಡೇ ಮಾಡ್ಸಿದ್ದು ನೀವು." ನಾನು ಒಪ್ಪಿದ್ದು ಸಾಫ್ಟ್‌ವೇರ್‌ಗೆ, ಬೆಸುಗೆಗಲ್ಲ. ಅಂಗಡಿ ತುಂಬಾ ಜನ ನೋಡುತ್ತಿದ್ದರು. "ಇದೆಲ್ಲಾ ಟೆಕ್ನಿಕಲ್, ನಿಮಗೆ ಗೊತ್ತಾಗಲ್ಲ ಬಿಡಿ, ಮನೇಲಿ ಯಾರಾದ್ರೂ ಇದ್ರೆ ಕರ್ಕೊಂಬನ್ನಿ" ಅಂದ. ಈ ಮಾತು ನನಗೆ ಲ್ಯಾಪ್‌ಟಾಪ್ ಹೋದದ್ದಕ್ಕಿಂತ ಜಾಸ್ತಿ ಉರಿಯಿತು. ಈಗಲೂ ಉರಿಯುತ್ತಿದೆ. ಆಮೇಲೆ ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಮಾತ್ರ, ಉತ್ತರ ಇಲ್ಲ.

ಕಂಪನಿಯ ಸರ್ವಿಸ್ ಸೆಂಟರ್‌ನವರು ಆ ಬೆಸುಗೆ ನೋಡಿದ ಕೂಡಲೇ ವಾರಂಟಿ ಇಲ್ಲ ಅಂದರು. ಅವರದ್ದು ತಪ್ಪು ಅನ್ನಲಾರೆ. ನನ್ನದರಲ್ಲಿ ಕಾರ್ಡ್ ಮದರ್‌ಬೋರ್ಡ್‌ಗೇ ಬೆಸೆದಿದೆ, ಕಾರ್ಡ್ ಹೋದರೆ ಇಡೀ ಬೋರ್ಡ್ ಬದಲಾಯಿಸಬೇಕು. ಅದಕ್ಕೆ ಹೇಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಬರುತ್ತದೆ.

ಓವರ್‌ಕ್ಲಾಕ್ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. 2015ರಲ್ಲಿ ಎನ್‌ವಿಡಿಯಾ ಲ್ಯಾಪ್‌ಟಾಪ್ ಕಾರ್ಡುಗಳಲ್ಲಿ ಡ್ರೈವರ್ ಸಾಫ್ಟ್‌ವೇರ್ ಮೂಲಕವೇ ಇದನ್ನು ನಿಲ್ಲಿಸಿತ್ತು, ಜನ ಗಲಾಟೆ ಮಾಡಿದ ಮೇಲೆ ಮತ್ತೆ ಬಿಟ್ಟಿತು. ನೀವೇ ಓವರ್‌ಕ್ಲಾಕ್ ಮಾಡಿಕೊಳ್ಳಲು ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಇದೆ, ಉಚಿತ. ಎಂಎಸ್‌ಐ ಸೈಟಿನಿಂದಲೇ ಇಳಿಸಿಕೊಳ್ಳಿ, ಅದರ ಹೆಸರಲ್ಲಿ ವೈರಸ್ ಹಂಚುವ ನಕಲಿ ಸೈಟುಗಳಿವೆ. ಅದರಲ್ಲಿ ಕೋರ್ ಕ್ಲಾಕ್ (ಕಾರ್ಡಿನ ವೇಗ) ಐವತ್ತು ಮೆಗಾಹರ್ಟ್ಸ್ ಏರಿಸಿ, ಒಂದು ದೊಡ್ಡ ರೆಂಡರ್ ಅಥವಾ ಗೇಮ್ ಹಾಕಿ ನೋಡಿ, ಪರದೆಯಲ್ಲಿ ಚುಕ್ಕಿ ಬಂದರೆ ಇಳಿಸಿ. ವೋಲ್ಟೇಜ್ ಏರಿಸಲು ಹೋಗಬೇಡಿ. ವಿದ್ಯುತ್ ಮಿತಿ ಹಾಗೇ ಇರುವ ತನಕ ಲಾಭ ಸ್ವಲ್ಪವೇ, ಆದರೆ ಬೋರ್ಡ್ ಸುಡುವ ಭಯವೂ ಕಡಿಮೆ. ನಿಜ ಹೇಳಬೇಕೆಂದರೆ ದೂಳು ತೆಗೆದು ಪೇಸ್ಟ್ ಬದಲಾಯಿಸುವುದೇ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಸಾಕು. ನಾನು ಕೇಳಿದ್ದೂ ಅಷ್ಟೇ ಅಲ್ವಾ!

ಕೊಡುವ ಮುಂಚೆ ಒಳಗಿನ ಬೋರ್ಡ್ ಫೋಟೋ ತೆಗೆಸಿಕೊಳ್ಳಿ. ಏನು ಮಾಡುತ್ತಾರೆಂದು ಬಿಲ್‌ನಲ್ಲಿ ಬರೆಸಿಕೊಳ್ಳಿ, ಚೀಟಿ ಬೇಡವೇ ಬೇಡ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ.

ಈಗಾಗಲೇ ಯಾರ ಹತ್ತಿರವಾದರೂ "ಟ್ಯೂನಿಂಗ್" ಮಾಡಿಸಿದ್ದರೆ ಇವತ್ತೇ ಎಚ್‌ಡಬ್ಲ್ಯೂಇನ್‌ಫೋ ತೆರೆದು ಲೋಡ್ ಕೊಟ್ಟು ಜಿಪಿಯು (ಗ್ರಾಫಿಕ್ಸ್ ಕಾರ್ಡ್) ವ್ಯಾಟ್ ನೋಡಿ. ಮುಂಚೆಗಿಂತ ಕಡಿಮೆ ತೋರಿಸಿ ಬಿಸಿ ಮಾತ್ರ ಜಾಸ್ತಿ ಇದ್ದರೆ, ಚಾರ್ಜರ್ ಹಾಕಿದರೂ ಬ್ಯಾಟರಿ ಇಳಿಯುತ್ತಿದ್ದರೆ, ಗೇಮು ರೆಂಡರು ಎಲ್ಲಾ ನಿಲ್ಲಿಸಿ. ಬೇರೆ ಕಡೆ ಬಿಚ್ಚಿಸಿ, ಮೇಲೆ ಕೂರಿಸಿದ ರೆಸಿಸ್ಟರ್ ಇದ್ದರೆ ಅದನ್ನು ತೆಗೆಸಿ. ಅದೇ ಅಂಗಡಿಗೆ ಮಾತ್ರ ಮತ್ತೆ ಕೊಡಬೇಡಿ.