‘ಮೀರಾ’ ಹೆಸರಿನ ಫ್ರೇಮ್: ಮರ ಚೆನ್ನಾಗಿದೆ, ಅರ್ಥ ತಪ್ಪಿದೆ

ತಮ್ಮನ ಮಗಳ ನಾಮಕರಣ. ಸೋದರತ್ತೆ ನಾನು, ಬಟ್ಟೆ-ಬಳೆಯ ಜೊತೆಗೆ ಉಳಿಯುವಂಥದ್ದು ಏನಾದರೂ ಕೊಡಬೇಕು ಅನ್ನಿಸಿತು. ಹೆಸರನ್ನೂ ಅದರ ಅರ್ಥವನ್ನೂ ಅಚ್ಚು ಹಾಕಿ ಫ್ರೇಮ್ ಮಾಡಿಕೊಡುವ ಒಂದು ಆನ್‌ಲೈನ್ ಅಂಗಡಿಗೆ ಆರ್ಡರ್ ಕೊಟ್ಟೆ. 12×18 ಇಂಚು, 1,450 ರೂಪಾಯಿ. ಆರನೇ ದಿನಕ್ಕೆ ಶಿವಮೊಗ್ಗದ ಮನೆಗೆ ಬಂತು. ಗಾಜು ಒಡೆದಿರಲಿಲ್ಲ, ಕಾಗದ ದಪ್ಪಗಿತ್ತು, ಮರದ ಮೂಲೆಗಳು ಒಂದಕ್ಕೊಂದು ಸರಿಯಾಗಿ ಕೂತಿದ್ದವು. ಇಷ್ಟಕ್ಕೆ ಪೂರ್ತಿ ಅಂಕ.

ಮೊದಲ ತೊಂದರೆ ಅಕ್ಷರದಲ್ಲೇ. ‘ಮೀ’ಯ ದೀರ್ಘ ಕಳಚಿಕೊಂಡು, ‘ಮಿ’ ಮತ್ತು ‘ರಾ’ ನಡುವೆ ಒಂಟಿಯಾಗಿ, ಚುಕ್ಕಿಗಳ ವೃತ್ತದ ಪಕ್ಕ ನಿಂತಿತ್ತು. ಒಂದನೇ ಕ್ಲಾಸಿನಲ್ಲಿ ‘ಮ ಗುಡಿಸು ಮಿ, ಮ ಗುಡಿಸಿನ ದೀರ್ಘ ಮೀ’ ಎಂದು ಬಾಯಿಪಾಠ ಮಾಡಿದವರ ಕಣ್ಣಿಗೆ ಅದು ತಕ್ಷಣ ಚುಚ್ಚುತ್ತದೆ. ಕನ್ನಡ ಓದಬಲ್ಲವರು ಒಬ್ಬರು ನೋಡಿದ್ದರೆ ಇದು ಪ್ರೆಸ್ಸಿನಿಂದ ಆಚೆ ಬರುತ್ತಲೇ ಇರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಕೆಳಗಿನ ಸಾಲುಗಳಲ್ಲಿತ್ತು. ‘ಮೂಲ: ಸಂಸ್ಕೃತ. ಅರ್ಥ: ಕೃಷ್ಣಭಕ್ತೆ, ಸಮುದ್ರ, ಶಾಂತಿ, ಬೆಳಕು, ಅದ್ಭುತ. ಜಗತ್ತಿನ ಎಲ್ಲ ಭಾಷೆಗಳಿಗೂ ಇಲ್ಲಿಂದಲೇ ಹೋದ ಹೆಸರು.’

ತಮ್ಮನ ಹೆಂಡತಿ ಕ್ರೊಯೇಷಿಯಾದವಳು, ಊರು ಜಾಗ್ರೆಬ್. ಮೀರಾ ಅವಳ ಅಜ್ಜಿಯ ಹೆಸರು. ನಮ್ಮಮ್ಮನಿಗೆ ಮೀರಾಬಾಯಿಯ ಭಜನೆ ಪ್ರಾಣ. ಎರಡೂ ಕಡೆಯವರು ನಾಲಿಗೆ ತಿರುಚದೆ ಕರೆಯಬಹುದಾದ ಹೆಸರು ಎಂದು ಖುಷಿಯಿಂದ ಇಟ್ಟದ್ದು. ವಿಡಿಯೋ ಕಾಲ್‌ನಲ್ಲಿ ಫ್ರೇಮ್ ತೋರಿಸಿ ನಾನು ಓದಿ ಹೇಳಿದೆ, ತಮ್ಮ ಅನುವಾದ ಮಾಡಿದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಮ್ಮಜ್ಜಿಯ ಹೆಸರು ನಮ್ಮದಲ್ಲವಾ ಅತ್ತಿಗೆ?’ ಅಂದಳು. ನನಗೆ ನಿಜವಾಗಿ ಸಂಕಟವಾಯಿತು.

ಅವಳಜ್ಜಿಯ ಹೆಸರು ಅವರದ್ದೇ. ಕ್ರೊಯೇಷಿಯನ್, ರಷ್ಯನ್ ಮುಂತಾದ ಸ್ಲಾವಿಕ್ ಭಾಷೆಗಳಲ್ಲಿ ‘ಮಿರ್’ ಅಂದರೆ ಶಾಂತಿ. ರಷ್ಯನ್ನಿನಲ್ಲಿ ಅದೇ ಪದಕ್ಕೆ ಜಗತ್ತು ಎಂಬ ಅರ್ಥವೂ ಇದೆ. ಮಿರೊಸ್ಲಾವಾದಂಥ ಉದ್ದದ ಹೆಸರನ್ನು ಮನೆಯಲ್ಲಿ ಮೀರಾ ಎಂದು ಮೊಟಕು ಮಾಡಿ ಕರೆಯುತ್ತಾರೆ. ನಮ್ಮ ಮೀರಾ ಬಂದದ್ದು 16ನೇ ಶತಮಾನದ ರಾಜಸ್ಥಾನದ ಮೇಡ್ತಾದಿಂದ, ಆ ಭಕ್ತೆಯ ನೆನಪಿನಿಂದ. ಸಂಸ್ಕೃತ ನಿಘಂಟಿನಲ್ಲಿ ‘ಮೀರ’ ಎಂದರೆ ಸಮುದ್ರ ಎಂದಿರುವುದೂ ಹೌದು. ಬೆಳಕು ಎಂಬ ಅರ್ಥ ಹೀಬ್ರೂವಿನ ‘ಮೇಯಿರಾ’ದ್ದು, ಇಸ್ರೇಲಿನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯಿರ್ ಅವರ ಹೆಸರಿನಲ್ಲಿರುವುದು ಅದರ ಪುಲ್ಲಿಂಗ ರೂಪ. ಅಲ್ಬೇನಿಯನ್ ಭಾಷೆಯ ಮೀರಾಗೆ ‘ಒಳ್ಳೆಯವಳು’ ಎಂದರ್ಥ.

ಲ್ಯಾಟಿನ್ನಿನ ‘ಮೀರಾ’ ಎಂದರೆ ಅದ್ಭುತವಾದದ್ದು. ಸೀಟಸ್ ಎಂಬ ತಿಮಿಂಗಿಲ ನಕ್ಷತ್ರಪುಂಜದಲ್ಲಿ ಒಂದು ನಕ್ಷತ್ರವಿದೆ. ಸುಮಾರು 332 ದಿನಕ್ಕೊಮ್ಮೆ ಬರಿಗಣ್ಣಿಗೆ ಕಾಣುವಷ್ಟು ಹೊಳೆದು, ಮತ್ತೆ ಮಂಕಾಗಿ ಮರೆಯಾಗುತ್ತದೆ. 1596ರಲ್ಲಿ ಡೇವಿಡ್ ಫ್ಯಾಬ್ರಿಷಿಯಸ್ ಅದನ್ನು ಗಮನಿಸಿದರು. 1662ರಲ್ಲಿ ಹೆವೆಲಿಯಸ್ ಅದಕ್ಕೆ ಮೀರಾ ಎಂಬ ಹೆಸರು ಕೊಟ್ಟರು. ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದು. ಈ ಲ್ಯಾಟಿನ್ ಪದಕ್ಕೆ ಸಂಸ್ಕೃತದಲ್ಲಿ ನಂಟರಿದ್ದಾರೆ, ಆದರೆ ಅದು ಮೀರಾ ಅಲ್ಲ, ‘ಸ್ಮಿತ’. ನಗು ಎಂಬ ಅರ್ಥದ ಒಂದೇ ಹಳೆಯ ಧಾತುವಿನಿಂದ ಇವೆರಡೂ, ಇಂಗ್ಲಿಷಿನ ‘ಸ್ಮೈಲ್’ ಕೂಡ ಬಂದವೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಒಂದೇ ಥರ ಕೇಳಿಸುವ ಹೆಸರುಗಳು ಸಂಬಂಧವೇ ಇಲ್ಲದವು, ಬೇರೆ ಬೇರೆ ಕೇಳಿಸುವವು ಅಕ್ಕತಂಗಿಯರು! ಇಂಥದ್ದನ್ನು ಬಿಟ್ಟು ಎಲ್ಲಕ್ಕೂ ಒಂದೇ ಮೂಲ ಬರೆದುಬಿಟ್ಟರೆ ಹೆಸರಿನ ಸೊಗಸೇ ಹೋಗುತ್ತದೆ.

ಗಡಿ ದಾಟಿದ ಮೀರಾ ಬೇಕಿದ್ದರೆ ನಿಜವಾದ ಒಬ್ಬರು ಇದ್ದರಲ್ಲ. ಬ್ರಿಟಿಷ್ ನೌಕಾಧಿಕಾರಿಯ ಮಗಳು ಮ್ಯಾಡಲಿನ್ ಸ್ಲೇಡ್ 1925ರಲ್ಲಿ ಸಾಬರಮತಿಗೆ ಬಂದಾಗ ಗಾಂಧೀಜಿ ಇಟ್ಟ ಹೆಸರು ಮೀರಾ. ಮೀರಾಬೆಹನ್ ಆಗಿ ಬಾಳಿ, 1982ರಲ್ಲಿ ಆಸ್ಟ್ರಿಯಾದಲ್ಲಿ ತೀರಿಕೊಂಡರು. ಅಂಥ ಒಂದು ಸಾಲು ಹಾಕಿದ್ದರೆ ನಾನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

ಅಂಗಡಿಗೆ ಫೋನ್ ಮಾಡಿದೆ. ಬರಹ ಮೊದಲೇ ಸಿದ್ಧ ಇರುತ್ತೆ ಮೇಡಂ, ಬದಲಾಯಿಸೋಕೆ ಆಗಲ್ಲ ಅಂದರು. ಮೂರನೇ ಸಲ ಕೇಳಿದಾಗ, ನೀವೇ ಬರೆದುಕೊಟ್ಟರೆ 300 ರೂಪಾಯಿಗೆ ಹೊಸ ಹಾಳೆ ಹಾಕಿಕೊಡುತ್ತೇವೆ ಅಂದರು. ತಪ್ಪು ಅವರದ್ದಾಗಿಯೂ ದುಡ್ಡು ಕೇಳಿದ್ದು ನನಗೆ ಸರಿ ಕಾಣಲಿಲ್ಲ. ಆದರೂ ಕೊಟ್ಟೆ, ನಾಮಕರಣಕ್ಕೆ ಒಂಬತ್ತೇ ದಿನ ಉಳಿದಿತ್ತು. ಎಡಗಡೆ ಮೇಡ್ತಾ, ಬಲಗಡೆ ಜಾಗ್ರೆಬ್, ಎರಡಕ್ಕೂ ಅದರದರ ಅರ್ಥ. ನಡುವೆ ಏನೂ ಬೇಡ ಅಂದೆ. ಅಮ್ಮ ಮಾತ್ರ ‘ನಮ್ಮ ಕನ್ನಡದಲ್ಲಿ ಮೀರು ಅಂದ್ರೆ ದಾಟು ಅಂತಲ್ವೇನೇ, ಅದನ್ನೂ ಹಾಕ್ಸು’ ಅಂದರು. ಹಾಕಿಸಿದೆ, ಕೆಳಗೆ ಸಣ್ಣಕ್ಷರದಲ್ಲಿ.

ಈ ಸಲ ದೀರ್ಘ ‘ಮಿ’ಗೆ ಅಂಟಿಕೊಂಡೇ ಬಂತು. ಫ್ರೇಮಿಗೆ ಐದಕ್ಕೆ ಐದು, ಬರಹಕ್ಕೆ ಒಂದು. ತರಿಸುವವರು ಅವರ ಸಿದ್ಧ ಅರ್ಥವನ್ನು ನಂಬಬೇಡಿ. ಹೆಸರು ಯಾರ ಮನೆಯದೋ ಆ ಮನೆಯ ಹಿರಿಯರನ್ನು ಕೇಳಿ ಬರೆದುಕೊಡಿ, ಅಚ್ಚಿಗೆ ಮುಂಚೆ ಪ್ರೂಫ್ ತರಿಸಿಕೊಂಡು ಗುಡಿಸು, ದೀರ್ಘ, ಒತ್ತಕ್ಷರ ಎಲ್ಲ ನೋಡಿ. ಹಳೆಯ ಹಾಳೆಯನ್ನು ನಾನು ವಾಪಸ್ ಕಳಿಸಲಿಲ್ಲ, ಮಗುವಿನ ಕಣ್ಣಿಗೆ ಬೀಳದಂತೆ ಹರಿದು ಹಾಕಿದೆ.