ಮದುವೆ ಡಿವಿಡಿ, ಕ್ಯಾಸೆಟ್‌ಗಳನ್ನು ಫೈಲ್ ಮಾಡಿಡಲು ಹ್ಯಾಂಡ್‌ಬ್ರೇಕ್: ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬೇಡ

ಮನೆಯ ಹಳೆಯ ವಿಡಿಯೋಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಬೇಕು ಎಂದು ಹೊರಟವರಿಗೆ ಮೊದಲು ಸಿಗುವ ಸಲಹೆ ಹ್ಯಾಂಡ್‌ಬ್ರೇಕ್, ವಿಡಿಯೋವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವ ತಂತ್ರಾಂಶ. ಪೂರ್ತಿ ಉಚಿತ, ಓಪನ್ ಸೋರ್ಸ್, ಜಾಹೀರಾತು ಇಲ್ಲ. 2003ರಲ್ಲಿ ಶುರುವಾದದ್ದು ಇವತ್ತಿಗೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಟಿವಿಯಲ್ಲಿ, ಫೋನಿನಲ್ಲಿ ನೋಡುವ ಪ್ರತಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಚಿತ ಸಾಧನ ಸಿಗುವುದು ಕಷ್ಟ. ಆದರೆ ಕಾಪಿಡಬೇಕಾದ ಮೂಲ ಪ್ರತಿಗೆ ಇದು ಸಲ್ಲದು. ಈ ಎರಡು ಕೆಲಸಗಳನ್ನು ಒಂದೇ ಎಂದುಕೊಂಡು, ಕನ್ವರ್ಟ್ ಆಯಿತಲ್ಲ ಎಂದು ಡಿವಿಡಿಯನ್ನು ಎಸೆದುಬಿಡುವುದರಿಂದಲೇ ಎಷ್ಟೋ ಮನೆಗಳ ವಿಡಿಯೋ ಹಾಳಾಗಿವೆ.

ಎಂಪಿ4, ಎಂಕೆವಿ, ಎವಿಐ ಇವೆಲ್ಲ ಡಬ್ಬಿಗಳು. ಒಳಗಿರುವ ಚಿತ್ರ ಎಂಪೆಗ್-2 ಇರಬಹುದು, ಎಚ್.264 ಇರಬಹುದು, ಎಚ್.265 ಇರಬಹುದು, ಇವು ಚಿತ್ರವನ್ನು ಕುಗ್ಗಿಸಿ ಬರೆಯುವ ವಿಧಾನಗಳು. ಡಬ್ಬಿ ಬದಲಾಯಿಸಿದರೆ ಚಿತ್ರಕ್ಕೆ ಏನೂ ಆಗುವುದಿಲ್ಲ, ನಿಮಿಷದಲ್ಲಿ ಮುಗಿಯುವ ಕೆಲಸ. ಒಳಗಿರುವುದನ್ನು ಬದಲಾಯಿಸಿದರೆ ಮಾತ್ರ ಪ್ರತಿ ಸಲವೂ ಒಂದಿಷ್ಟು ವಿವರ ಕಳೆದುಹೋಗುತ್ತದೆ, ಮತ್ತೆ ಬರುವುದಿಲ್ಲ. ಹ್ಯಾಂಡ್‌ಬ್ರೇಕಿಗೆ ಬರೀ ಡಬ್ಬಿ ಬದಲಾಯಿಸಲು ಬರುವುದಿಲ್ಲ. ಆಡಿಯೋವನ್ನು ಇದ್ದಂತೆ ದಾಟಿಸಬಲ್ಲದು, ವಿಡಿಯೋವನ್ನು ಮಾತ್ರ ಯಾವಾಗಲೂ ಹೊಸದಾಗಿ ಕುಗ್ಗಿಸಿ ಬರೆಯುತ್ತದೆ, ಅಂದರೆ ಎನ್‌ಕೋಡ್ ಮಾಡುತ್ತದೆ. ಡಬ್ಬಿಯಷ್ಟೇ ಬದಲಾಗಬೇಕಿದ್ದರೆ ಎಂಕೆವಿಟೂಲ್‌ನಿಕ್ಸ್ ಅಥವಾ ಲಾಸ್‌ಲೆಸ್‌ಕಟ್ ಬಳಸಿ, ಎರಡೂ ಉಚಿತ.

ಮೂಲ ಪ್ರತಿ ಹೇಗಿರಬೇಕು ಎನ್ನುವುದು ವಿಡಿಯೋ ಎಲ್ಲಿಂದ ಬಂತು ಎನ್ನುವುದರ ಮೇಲೆ ಹೋಗುತ್ತದೆ. ಡಿವಿಡಿಯಾದರೆ ಇಡೀ ಡಿಸ್ಕನ್ನು ಐಎಸ್‌ಒ ಫೈಲಾಗಿ (ಡಿಸ್ಕಿನ ಪಡಿಯಚ್ಚು) ಮಾಡಿಡಿ. 4.7 ಜಿಬಿ ಡಿಸ್ಕಿಗೆ ಅಷ್ಟೇ ಜಾಗ ಸಾಕು. ಡಿಸ್ಕಿನೊಳಗಿನ ಒಂದು ವಿಒಬಿ ಫೈಲನ್ನಷ್ಟೇ ಕಾಪಿ ಮಾಡಿದರೆ ಮದುವೆ ಇಪ್ಪತ್ತು ನಿಮಿಷಕ್ಕೆ ನಿಂತುಬಿಡುತ್ತದೆ, ಏಕೆಂದರೆ ಡಿವಿಡಿಯಲ್ಲಿ ವಿಡಿಯೋವನ್ನು ಹೆಚ್ಚೆಂದರೆ 1 ಜಿಬಿಯ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಮಿನಿಡಿವಿ ಕ್ಯಾಸೆಟ್ಟಾದರೆ ಕ್ಯಾಮೆರಾದಿಂದ ಫೈರ್‌ವೈರ್ ಕೇಬಲಿನಲ್ಲೇ ಇಳಿಸಬೇಕು. ಟೇಪಿನಲ್ಲಿದ್ದ ಡಿಜಿಟಲ್ ದತ್ತಾಂಶ ಇದ್ದ ಹಾಗೇ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಹಳದಿ, ಕೆಂಪು, ಬಿಳಿ ಕೇಬಲಿನಲ್ಲಿ ಇಳಿಸಿದರೆ ಡಿಜಿಟಲ್ ಆಗಿದ್ದದ್ದು ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ, ಬಣ್ಣದ ಅಂಚುಗಳೆಲ್ಲ ಮಾಸುತ್ತವೆ. ವಿಎಚ್‌ಎಸ್ ಅನ್ನು ಕ್ಯಾಪ್ಚರ್ ಮಾಡಿಸುವುದಾದರೆ ಎಂಕೆವಿ ಡಬ್ಬಿಯಲ್ಲಿ ಎಫ್‌ಎಫ್‌ವಿ1 ಕೇಳಿ. ಇದರಲ್ಲಿ ಒಂದು ಚುಕ್ಕೆಯೂ ನಷ್ಟವಾಗುವುದಿಲ್ಲ, ದಾಖಲೆ ಸಂಗ್ರಹಾಲಯಗಳು ನೆಚ್ಚಿಕೊಂಡಿರುವ ಫಾರ್ಮ್ಯಾಟ್ ಇದು. 2021ರಲ್ಲಿ ಎಫ್‌ಎಫ್‌ವಿ1, 2024ರಲ್ಲಿ ಎಂಕೆವಿಯ ಮೂಲವಾದ ಮಟ್ರೋಸ್ಕಾ, ಎರಡರ ವಿವರಣೆಯೂ ಆರ್‌ಎಫ್‌ಸಿ ಎಂಬ, ಯಾರು ಬೇಕಾದರೂ ಓದಬಹುದಾದ ಇಂಟರ್ನೆಟ್ ದಾಖಲೆಯಾಗಿ ಪ್ರಕಟವಾಗಿದೆ. ಯಾವುದೋ ಕಂಪನಿ ಮುಚ್ಚಿತೆಂದು ಫೈಲ್ ತೆರೆಯದೆ ಹೋಗುವ ಭಯವಿಲ್ಲ. ಫೋನಿನ ವಿಡಿಯೋಗಳನ್ನು ಫೋನ್ ಕೊಟ್ಟ ಹಾಗೇ ಇಡಿ.

ಇನ್ನು ನೋಡುವ ಪ್ರತಿ. ಇಲ್ಲಿ ಹ್ಯಾಂಡ್‌ಬ್ರೇಕ್ ನಿಜಕ್ಕೂ ಮಿಂಚುತ್ತದೆ, ಆದರೆ ಅದು ತಾನಾಗಿ ಆರಿಸಿಕೊಳ್ಳುವ ಸೆಟಿಂಗ್ ನಮ್ಮ ಮದುವೆ ಡಿವಿಡಿಗಳಿಗೆ ಸರಿಹೊಂದುವುದಿಲ್ಲ. ನಮ್ಮಲ್ಲಿ ಹಳೆಯ ವಿಡಿಯೋಗಳೆಲ್ಲ ಪಾಲ್ ಎಂಬ ಟಿವಿ ಪದ್ಧತಿಯವು. ಡಿವಿಡಿಗೆ ಬಂದಾಗ ಅದು 720×576 ಅಳತೆ, ಸೆಕೆಂಡಿಗೆ 25 ಚಿತ್ರ. ಕ್ಯಾಮ್‌ಕಾರ್ಡರಿನಲ್ಲಿ ತೆಗೆದದ್ದರಲ್ಲಿ ಒಂದೊಂದು ಚಿತ್ರವೂ ಎರಡು ಅರ್ಧಗಳಾಗಿ ಹೆಣೆದುಕೊಂಡಿರುತ್ತದೆ, ಅಂದರೆ ಇಂಟರ್‌ಲೇಸ್ ಆಗಿರುತ್ತದೆ. ಸೆಕೆಂಡಿಗೆ ಬೇರೆ ಬೇರೆ 50 ಗಳಿಗೆಗಳು ಅದರಲ್ಲಿ ದಾಖಲಾಗಿರುತ್ತವೆ. ಧಾರೆಯ ಹೊತ್ತಿಗೆ ಅಕ್ಷತೆ ಬೀಳುವ ದೃಶ್ಯವನ್ನು ವಿಎಲ್‌ಸಿಯಲ್ಲಿ ಡಿಇಂಟರ್‌ಲೇಸ್ ಆಫ್ ಮಾಡಿ ನಿಲ್ಲಿಸಿ ನೋಡಿ. ಒಂದೊಂದು ಅಕ್ಕಿಕಾಳಿಗೂ ಬಾಚಣಿಗೆಯ ಹಲ್ಲಿನಂಥ ಅಡ್ಡ ಗೆರೆಗಳು ಕಂಡರೆ ಅದು ಇಂಟರ್‌ಲೇಸ್. ಹ್ಯಾಂಡ್‌ಬ್ರೇಕ್ ತಾನಾಗಿ ಆರಿಸಿಕೊಳ್ಳುವ ಫಾಸ್ಟ್ 1080ಪಿ30 ಪ್ರಿಸೆಟ್ (ಮೊದಲೇ ಜೋಡಿಸಿಟ್ಟ ಸೆಟಿಂಗುಗಳ ಗುಂಪು) ಆ ಗೆರೆಗಳನ್ನೇನೋ ತೆಗೆಯುತ್ತದೆ, ಆದರೆ 50 ಗಳಿಗೆಗಳನ್ನು 25ಕ್ಕೆ ಇಳಿಸುತ್ತದೆ. ಮೊದಲು ಸರಾಗವಾಗಿ ಉದುರುತ್ತಿದ್ದ ಅಕ್ಷತೆ ಈಗ ತಡೆದು ತಡೆದು ಬೀಳುತ್ತದೆ. ಮೂಲದ ಚಲನೆಯಲ್ಲಿ ಅರ್ಧ ಹೋಯಿತು.

ಸರಿಯಾದ ದಾರಿ ಹೀಗಿದೆ. ಮೂಲ ಫೈಲ್ ತೆರೆಯುವ 'ಓಪನ್ ಸೋರ್ಸ್' ಬಟನ್ ಒತ್ತಿ ಐಎಸ್‌ಒ ಅಥವಾ ಡಿವಿಡಿಯೊಳಗಿನ ವಿಡಿಯೋ_ಟಿಎಸ್ ಫೋಲ್ಡರನ್ನೇ ಕೊಡಿ. ಪ್ರಿಸೆಟ್ ಪಟ್ಟಿಯಲ್ಲಿ ಎಚ್‌ಕ್ಯೂ 576ಪಿ25 ಆರಿಸಿ. ಫಿಲ್ಟರ್ಸ್‌ನಲ್ಲಿ ಇಂಟರ್‌ಲೇಸ್ ಡಿಟೆಕ್ಷನ್ ಆಫ್ ಮಾಡಿ, ಡಿಇಂಟರ್‌ಲೇಸ್‌ಗೆ ಬಿಡಬ್ಲ್ಯೂಡಿಐಎಫ್ (ಹಳೆಯ ಆವೃತ್ತಿಯಾದರೆ ಯಾಡಿಫ್), ಅದರ ಪ್ರಿಸೆಟ್ ಬಾಬ್ (ಒಂದೊಂದು ಅರ್ಧಚಿತ್ರವನ್ನೂ ಒಂದು ಪೂರ್ತಿ ಫ್ರೇಮ್ ಮಾಡುವುದು) ಎಂದು ಇಡಿ. ಇಷ್ಟೇ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ವಿಡಿಯೋ ಟ್ಯಾಬಿನಲ್ಲಿ ಫ್ರೇಮ್‌ರೇಟ್ ಇನ್ನೂ 25ರಲ್ಲೇ ಇರುತ್ತದೆ, ಬಾಬ್ ಹುಟ್ಟಿಸಿದ ಹೆಚ್ಚುವರಿ ಫ್ರೇಮುಗಳನ್ನೆಲ್ಲ ಅದು ಬಿಸಾಡುತ್ತದೆ. ಅದನ್ನು 50ಕ್ಕೆ ಬದಲಾಯಿಸಿ, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ. ಆಮೇಲೆ ಲೈವ್ ಪ್ರಿವ್ಯೂನಲ್ಲಿ ಕೈ, ಕ್ಯಾಮೆರಾ ಚೆನ್ನಾಗಿ ಓಡಾಡುವ ಅರ್ಧ ನಿಮಿಷ ನೋಡಿ. ಚಲನೆ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಎಂಬಂತೆ ನಡುಗಿದರೆ ಎಡಿಟಿಂಗಿನಲ್ಲಿ ಅರ್ಧಚಿತ್ರಗಳ ಕ್ರಮ ತಿರುಗುಮುರುಗಾಗಿದೆ ಎಂದರ್ಥ. ಆಗ ಕಸ್ಟಮ್‌ಗೆ ಹೋಗಿ ಪ್ಯಾರಿಟಿ, ಅಂದರೆ ಯಾವ ಅರ್ಧ ಮೊದಲು ಎಂಬುದನ್ನು ಬದಲಾಯಿಸಬೇಕು.

ಟೈಟಲ್ ಪಟ್ಟಿಯನ್ನೂ ಮರೆಯಬೇಡಿ. ಸ್ಟುಡಿಯೋದವರು ವರಪೂಜೆ, ಮುಹೂರ್ತ, ಆರತಕ್ಷತೆ ಎಂದು ಮೆನು ಮಾಡಿ ಬೇರೆ ಬೇರೆ ಟೈಟಲ್ಲುಗಳಾಗಿ ಕೊಟ್ಟಿರುತ್ತಾರೆ. ಹ್ಯಾಂಡ್‌ಬ್ರೇಕ್ ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಕೂರುತ್ತದೆ. ಆ್ಯಡ್ ಆಲ್ ಒತ್ತಿ ಎಲ್ಲವನ್ನೂ ಸಾಲಿಗೆ ಸೇರಿಸಬೇಕು.

ಗುಣಮಟ್ಟಕ್ಕೆ ಆರ್‌ಎಫ್ ಎಂಬ ಅಂಕಿಯಿದೆ, ಕಡಿಮೆಯಾದಷ್ಟೂ ಚಿತ್ರ ಒಳ್ಳೆಯದು, ಫೈಲ್ ದೊಡ್ಡದು. ಡಿವಿಡಿ ಅಳತೆಗೆ ಹ್ಯಾಂಡ್‌ಬ್ರೇಕಿನವರೇ ಹೇಳುವುದು 18ರಿಂದ 22. ಮನೆಯ ವಿಡಿಯೋಗೆ 18 ಅಥವಾ 19 ಇಡಿ. ಸಿನಿಮಾದಂತೆ ಅಚ್ಚುಕಟ್ಟಾದ ಬೆಳಕು ಇದರಲ್ಲಿರುವುದಿಲ್ಲ, ಛತ್ರದ ಮಬ್ಬಿನಲ್ಲಿ ಮುಖಗಳು ಬೇಗ ಕಲೆಕಲೆಯಾಗುತ್ತವೆ. ಅತ್ಯುತ್ತಮ ಬೇಕೆಂದು 0 ಇಡುವವರಿದ್ದಾರೆ. ಎಚ್.264ರಲ್ಲಿ 0 ಎಂದರೆ ನಷ್ಟವೇ ಇಲ್ಲದ ವಿಧಾನ: ಫೈಲ್ ಮೂಲ ಡಿವಿಡಿಗಿಂತ ಎಷ್ಟೋ ಪಟ್ಟು ದೊಡ್ಡದಾಗುತ್ತದೆ, ಟಿವಿ ಅದನ್ನು ಆಡಿಸುವುದೂ ಇಲ್ಲ. ಎನ್‌ಕೋಡರ್ ವೇಗ ಸ್ಲೋ ಸಾಕು. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರುಗಳು ಬಹಳ ಬೇಗ ಮುಗಿಸುತ್ತವೆ, ಆದರೆ ಅದೇ ಗುಣಮಟ್ಟಕ್ಕೆ ಹೆಚ್ಚು ಜಾಗ ತಿನ್ನುತ್ತವೆ. ಒಮ್ಮೆ ಮಾಡುವ ಕೆಲಸಕ್ಕೆ ರಾತ್ರಿಯಿಡೀ ಓಡಲು ಬಿಟ್ಟರೂ ಅಡ್ಡಿಯಿಲ್ಲ. ಆಡಿಯೋಗೆ ಎಎಸಿ 160 ಕಿಲೋಬಿಟ್ ಸಾಕು, ವಾಲಗದ ಸದ್ದು ಜೋರಾಗಿರುವ ಕಡೆ ಒಡೆದಂತೆ ಕೇಳಿದರೆ ಮೂಲದಲ್ಲೇ ಒಡೆದಿರುತ್ತದೆ. ಅದನ್ನು ಇಲ್ಲಿ ಸರಿಮಾಡಲಾಗದು.

ವಿಎಚ್‌ಎಸ್‌ನಿಂದ ಬಂದ ಫೈಲಿಗೆ ಇನ್ನೆರಡು ಎಚ್ಚರಿಕೆ. ಚಿತ್ರದ ತಳದಲ್ಲಿ ಕೆಲವು ಸಾಲು ಹರಿದಂತೆ ಅಲುಗುತ್ತಿರುತ್ತವೆ, ವಿಸಿಆರ್ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವ ಜಾಗ ಅದು. ಆಟೋ ಕ್ರಾಪ್ ಇದನ್ನು ನೋಡಿ ಗೊಂದಲಪಟ್ಟು ಅಂದಾಜಿಗೆ ಕತ್ತರಿಸುತ್ತದೆ. ಡೈಮೆನ್ಶನ್ಸ್‌ನಲ್ಲಿ ಕ್ರಾಪಿಂಗ್ ಕಸ್ಟಮ್ ಮಾಡಿ, ಕೆಳಗಿನಿಂದ ಎಂಟು ಹತ್ತು ಸಾಲು ನೀವೇ ತೆಗೆಯಿರಿ. ಎರಡನೆಯದು ಡಿನಾಯ್ಸ್, ಅಂದರೆ ಚಿತ್ರದ ಜರಿಜರಿ ತೆಗೆಯುವುದು. ಕ್ಯಾಸೆಟ್ಟಿನ ಜರಿಜರಿ ಫೈಲನ್ನು ಉಬ್ಬಿಸುತ್ತದೆ ನಿಜ, ಆದರೆ ಎನ್‌ಎಲ್‌ಮೀನ್ಸ್ ಫಿಲ್ಟರನ್ನು ಲೈಟ್‌ಗಿಂತ ಮೇಲಕ್ಕೆ ಏರಿಸಿದರೆ ಮದುಮಗಳ ಕೈಯ ಮೆಹಂದಿ ಗೆರೆಗಳೂ ಜರಿಯ ಜೊತೆಗೇ ಅಳಿಸಿಹೋಗುತ್ತವೆ.

ಎಚ್.264ರ ಬದಲು ಎಚ್.265 ಬೇಡವೇ? ಜಾಗ ಉಳಿಯುವುದು ಹೌದು, ಆದರೆ ಅದರ ನಿಜವಾದ ಲಾಭ ಕಾಣುವುದು 4ಕೆ ವಿಡಿಯೋದಲ್ಲಿ. ಡಿವಿಡಿ ಅಳತೆಯಲ್ಲಿ ಉಳಿಯುವ ಕೆಲವು ನೂರು ಎಂಬಿಗಾಗಿ ಅಜ್ಜಿ ಮನೆಯ ಹಳೆಯ ಟಿವಿಯಲ್ಲಿ ಓಡದ ಫೈಲ್ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ವಿಂಡೋಸ್‌ನಲ್ಲೂ ಅದರ ಸ್ವಂತ ಪ್ಲೇಯರಿನಲ್ಲಿ ಎಚ್.265 ನೋಡಲು ಎಷ್ಟೋ ಸಲ ಸ್ಟೋರಿನಿಂದ ಹಣ ಕೊಟ್ಟು ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕಾಗುತ್ತದೆ. ಇಂಥದ್ದೇ ಇನ್ನೊಂದು ವಿಧಾನವಾದ ಎವಿ1 ಇನ್ನೂ ಹೊಸದು, ಐಫೋನ್‌ಗಳಲ್ಲಿ ಅದನ್ನು ಆಡಿಸುವ ಹಾರ್ಡ್‌ವೇರ್ ಬಂದದ್ದೇ 15 ಪ್ರೊದಿಂದ. ಎಚ್.264 ಆರಿಸಿದರೂ 10-ಬಿಟ್ ಮುಟ್ಟಬೇಡಿ, ಟಿವಿಗಳು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಡಬ್ಬಿಯಾಗಿ ನೋಡುವ ಪ್ರತಿಗೆ ಎಂಪಿ4, ಕ್ಯಾಪ್ಚರ್ ಮಾಡಿಸಿದ ಮೂಲ ಪ್ರತಿಗೆ ಎಂಕೆವಿ. ಎಂಪಿ4ನಲ್ಲಿ ಫೈಲಿನ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತಾರೆ. ಕ್ಯಾಪ್ಚರ್ ನಡುವೆ ಕರೆಂಟ್ ಹೋದರೆ ಸೂಚಿಯೇ ಇಲ್ಲದ ಫೈಲ್ ಉಳಿಯುತ್ತದೆ, ಎರಡು ಗಂಟೆಯ ರೆಕಾರ್ಡಿಂಗ್ ತೆರೆಯುವುದೇ ಇಲ್ಲ. ಎಂಕೆವಿಯಾದರೆ ಕರೆಂಟ್ ಹೋಗುವ ತನಕದ್ದು ಉಳಿಯುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ, ಟಿವಿ ಅದನ್ನು ಓದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎನ್‌ಕೋಡ್ ಆದ ಫೈಲಿಗೆ ಅವತ್ತಿನ ತಾರೀಖು ಬೀಳುತ್ತದೆ. ಆದ್ದರಿಂದ ಸಮಾರಂಭದ ವರ್ಷ, ತಿಂಗಳು, ದಿನ ಫೈಲಿನ ಹೆಸರಿನ ಮೊದಲಲ್ಲೇ ಇರಲಿ. ವಾಟ್ಸಾಪಿನಲ್ಲಿ ಬಂದ ವಿಡಿಯೋವನ್ನು ಮೂಲ ಎಂದು ಎತ್ತಿಡಬೇಡಿ, ಅದು ಆಗಲೇ ಹಿಂಡಿ ಬಂದದ್ದು. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, 2 ಜಿಬಿವರೆಗೆ ಇದ್ದ ಹಾಗೇ ಬರುತ್ತದೆ.

ಹ್ಯಾಂಡ್‌ಬ್ರೇಕನ್ನು ಅದರ ಸ್ವಂತ ತಾಣ ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್‌ನಿಂದಲೇ ಇಳಿಸಿಕೊಳ್ಳಿ, ಅದೇ ಹೆಸರಿನಲ್ಲಿ ಹಣ ಕೇಳುವುದು ಯಾವುದೂ ಅಸಲಿಯಲ್ಲ. 2017ರ ಮೇ ತಿಂಗಳಲ್ಲಿ ಅವರದೇ ಒಂದು ಡೌನ್‌ಲೋಡ್ ಸರ್ವರಿಗೆ ಕನ್ನ ಬಿದ್ದು ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕುತಂತ್ರಾಂಶ ಕೂತಿತ್ತು. ಹಾಗಾಗಿ ತಾಣದಲ್ಲಿ ಕೊಟ್ಟಿರುವ ಚೆಕ್‌ಸಮ್ಮನ್ನು (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಗುರುತಿನ ಸಂಕೇತ) ಇಳಿಸಿದ ಫೈಲಿನದಕ್ಕೆ ಹೋಲಿಸಿ ನೋಡಿಯೇ ಇನ್‌ಸ್ಟಾಲ್ ಮಾಡಿ.