ಕುತ್ತಿಗೆ ನರಕ್ಕೆ ಫಿಸಿಯೋಥೆರಪಿ: ತುಮಕೂರಿನ ಒಂದು ಸಣ್ಣ ಸೆಂಟರ್

ನಾನು ಅಶೋಕನಗರದಲ್ಲಿ ಬ್ಲೌಸ್ ಹೊಲಿಯುವವಳು. ಬೆಳಗಿಂದ ಸಂಜೆವರೆಗೂ ತಲೆ ಬಗ್ಗಿಸಿಯೇ ಕೆಲಸ. ಕುತ್ತಿಗೆಯ ಸಿ6-ಸಿ7 ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ, ಬಲಗಡೆಯ ಸಿ7 ನರ ಒತ್ತುತ್ತಿದೆ ಅಂತ ಎಂಆರ್‌ಐನಲ್ಲಿ ಬಂತು. ನಡುಬೆರಳು ಜೋಮು. ಮೊಣಕೈ ಚಾಚಲು ಬಲ ಸಾಲದು. ನೋವಿಗೇನೋ ಮಾತ್ರೆ ಇತ್ತು. ತಲೆ ಕೆಡಿಸಿದ್ದು ಇನ್ನೊಂದು: ಬಟ್ಟೆಯಿಂದ ಕಣ್ಣೆತ್ತದೆ ಕತ್ತರಿಗೆ ಕೈ ಚಾಚಿದರೆ ಬಾಬಿನ್ ಡಬ್ಬ ಕೈಗೆ ಸಿಗುತ್ತಿತ್ತು. ಕತ್ತರಿ ಇದ್ದ ಜಾಗದಲ್ಲೇ ಇದೆ!

ಮೊದಲು ಹೋದ ಕಡೆ ಇದನ್ನು ಯಾರೂ ಕಿವಿಗೇ ಹಾಕಿಕೊಳ್ಳಲಿಲ್ಲ. ಬೆಲ್ಟ್ ಕಟ್ಟಿ ಕುತ್ತಿಗೆ ಎಳೆದು, ಕರೆಂಟ್ ಕೊಟ್ಟು ಕಳಿಸುತ್ತಿದ್ದರು. ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗಿರುವ ಈ ಸೆಂಟರ್‌ನಲ್ಲಿ ಮೇಡಂ ಅಲ್ಲಿಂದಲೇ ಶುರು ಮಾಡಿದರು. ಕಣ್ಣು ಮುಚ್ಚಿಸಿದರು. ನಡುಬೆರಳ ತುದಿಯನ್ನು ಎರಡೂ ಪಕ್ಕದಿಂದ ಹಿಡಿದು, "ಮೇಲಾ, ಕೆಳಗಾ?" ಅಂದರು. ಮೇಲಿಂದ ಕೆಳಗಿಂದ ಹಿಡಿದರೆ ಒತ್ತಡದಲ್ಲೇ ಉತ್ತರ ಗೊತ್ತಾಗಿಬಿಡುತ್ತದಂತೆ. ಆಮೇಲೆ ಕೋನ ಅಳೆಯಲು ಮುಂಗೈಗೆ ಫೋನ್ ಕಟ್ಟಿ ಮೊಣಕೈಯನ್ನು ಒಂದು ಕೋನಕ್ಕೆ ಮಡಚಿ, ಕೆಳಗಿಳಿಸಿ, "ಈಗ ನೀವೇ ಅಲ್ಲಿಗೆ ತನ್ನಿ" ಅಂದರು. ಎಡಗೈ ಹತ್ತಿರಹತ್ತಿರ ಬಂತು. ಬಲಗೈ ಸರಿಯಾಗೇ ತಂದೆ ಅಂದುಕೊಂಡು ಕಣ್ಣು ಬಿಟ್ಟರೆ, ಫೋನ್ ಬೇರೆಯೇ ಹೇಳುತ್ತಿತ್ತು.

ಕಣ್ಣು ಮುಚ್ಚಿದರೂ ಕೈ ಎಲ್ಲಿದೆ ಅಂತ ಗೊತ್ತಾಗುವುದು ಸ್ನಾಯು ಎಷ್ಟು ಎಳೆದಿದೆ ಅನ್ನುವ ಸುದ್ದಿಯಿಂದ; ಅದು ಮಿದುಳಿಗೆ ಹೋಗುವುದೂ ಇದೇ ನರದ ದಾರಿಯಲ್ಲಿ. ಒತ್ತಿದರೆ ಬಲ ಹೋದ ಹಾಗೆ ಆ ಸುದ್ದಿಯೂ ಮಂಕಾಗಬಹುದು. ಕುತ್ತಿಗೆಗೂ ಒಂದು ಪರೀಕ್ಷೆ ಇದೆ: ತಲೆಗೆ ಲೇಸರ್ ಲೈಟ್ ಕಟ್ಟಿ, ಗೋಡೆಯಿಂದ 90 ಸೆಂ.ಮೀ. ದೂರ ಕೂರಿಸಿ, ಕಣ್ಣು ಮುಚ್ಚಿ ತಲೆ ತಿರುಗಿಸಿ ಮೊದಲಿದ್ದ ಜಾಗಕ್ಕೆ ವಾಪಸ್ ತರಬೇಕು. ಗೋಡೆ ಮೇಲಿನ ಬೆಳಕಿನ ಚುಕ್ಕೆ ಸುಮಾರು 7 ಸೆಂ.ಮೀ.ಗಿಂತ ಜಾಸ್ತಿ ಆಚೀಚೆ ಆದರೆ ಸರಿಯಿಲ್ಲ ಅಂತ ಲೆಕ್ಕ. ನೋಡಲು ಮಕ್ಕಳಾಟ, ಮಾಡಿದರೆ ಬೆವರು.

ವ್ಯಾಯಾಮವೂ ಇದೇ ತರಹದ್ದು. ಕಣ್ಣು ಮುಚ್ಚಿ ಕೋನ ಹಿಡಿಯುವುದು, ಕಣ್ಣು ಬಿಟ್ಟು ತಿದ್ದಿಕೊಳ್ಳುವುದು. ಇದರಿಂದ ಡಿಸ್ಕ್ ಒಳಗೆ ಹೋಗಲ್ಲ ಅಂತ ಮೇಡಂ ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಕೆಲವು ವಾರ, ತಿಂಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಎರಡೂ ಕೈ ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮ ಅಂತ ಕೂರಬಾರದು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಕೊರತೆ ಇಲ್ಲ ಅಂತಲ್ಲ. ಮಹಡಿ ಮೇಲಿದೆ, ಲಿಫ್ಟ್ ಇಲ್ಲ. ಮಂಡಿನೋವಿನವರನ್ನು ಯಾವ ಧೈರ್ಯದ ಮೇಲೆ ಕರೆಯುತ್ತಾರೋ! ಪಕ್ಕದ ಹಾಸಿಗೆಯವರ ಮನೆ ಜಗಳ ಪರದೆ ದಾಟಿ ಬರುತ್ತದೆ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ. ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವ ಆಸೆ ಇದ್ದವರಿಗೆ ಇದು ಜಾಗವಲ್ಲ.

ಸಂಜೆ ಹೊತ್ತು ಮೇಡಂ ಇರುವುದಿಲ್ಲ, ಹುಡುಗರು ಮೆಷಿನ್ ಹಚ್ಚಿ ಹೋಗಿಬಿಡುತ್ತಾರೆ. ಬೆಳಗಿನ ಟೈಮೇ ಕೇಳಿ ತಗೊಳ್ಳಿ.